ವಿಡಿಯೊ ಪಾಠವನ್ನು ಎಲ್ಲಿ ಹಿಂದಕ್ಕೆ ಎಳೆದು ನೋಡುತ್ತಾರೆ, ಯಾಕೆ?

ಆನ್‌ಲೈನ್ ಕೋರ್ಸ್ ನಡೆಸುವವರು ಡ್ಯಾಶ್‌ಬೋರ್ಡ್ ತೆರೆದ ಕೂಡಲೇ ಹುಡುಕುವುದು ‘ಸರಾಸರಿ ಎಷ್ಟು ನಿಮಿಷ ನೋಡಿದ್ದಾರೆ’ ಎಂಬ ಅಂಕಿಯನ್ನು. ಪಾಠ ತಿದ್ದುವುದಕ್ಕೆ ಅತಿ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. 12 ನಿಮಿಷದ ಪಾಠಕ್ಕೆ ಸರಾಸರಿ 5 ನಿಮಿಷ ಬಂದಿದೆ ಅನ್ನಿ. ಅರ್ಧ ಮಂದಿ ಶುರುವಿನಲ್ಲೇ ಎದ್ದುಹೋಗಿ, ಉಳಿದವರು ಬಹುತೇಕ ಪೂರ್ತಿ ನೋಡಿರಬಹುದು. ಇಲ್ಲವೇ ಎಲ್ಲರೂ ಐದನೇ ನಿಮಿಷದ ಒಂದೇ ಸ್ಲೈಡಿನ ಹತ್ತಿರ ಕೈಬಿಟ್ಟಿರಬಹುದು. ಮೊದಲನೆಯದಕ್ಕೆ ಪೀಠಿಕೆ ಕತ್ತರಿಸಬೇಕು, ಎರಡನೆಯದಕ್ಕೆ ಆ ಸ್ಲೈಡ್ ಬದಲಾಯಿಸಬೇಕು. ಯಾವುದು ಎಂದು ಸರಾಸರಿ ಹೇಳುವುದಿಲ್ಲ.

ಬೇಕಾಗಿರುವುದು ಸೆಕೆಂಡಿನ ಲೆಕ್ಕ. ಓಪನ್ ಎಡ್‌ಎಕ್ಸ್ ಎಂಬ ಕೋರ್ಸ್ ತಂತ್ರಾಂಶ ಬಳಸುವವರಿಗೆ ಇದು ಲಾಗ್‌ನಲ್ಲೇ, ಅಂದರೆ ತಂತ್ರಾಂಶ ತಾನಾಗಿ ಬರೆದಿಡುವ ದಾಖಲೆಯಲ್ಲೇ ಸಿಗುತ್ತದೆ: ಪ್ಲೇ, ಪಾಜ್, ಸೀಕ್ (ಹಿಂದಕ್ಕೋ ಮುಂದಕ್ಕೋ ಎಳೆಯುವುದು), ವೇಗ ಬದಲಾವಣೆ ಪ್ರತಿಯೊಂದೂ ಒಂದು ಈವೆಂಟ್. ಸೀಕ್ ಆದಾಗ ಎಲ್ಲಿಂದ ಎಲ್ಲಿಗೆ ಹಾರಿದರು ಎಂಬ ಎರಡೂ ಸಮಯ ದಾಖಲಾಗುತ್ತವೆ. ಪಾಠಗಳನ್ನು ಯೂಟ್ಯೂಬ್‌ಗೆ ಹಾಕಿದ್ದರೆ ಸ್ಟುಡಿಯೊದ ವೀಕ್ಷಕರ ಉಳಿಕೆ ಗ್ರಾಫ್ ಇದೆ, ಆದರೆ ಅದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ವಿವರ ಇರುವುದಿಲ್ಲ. ಗ್ರಾಫ್ ಕೆಲವೆಡೆ ಶೇ 100 ದಾಟಿದರೆ ಗಾಬರಿ ಬೇಡ. ಅದೇ ಭಾಗವನ್ನು ಮತ್ತೆ ನೋಡಿದ್ದೂ ಅಲ್ಲಿ ಎಣಿಕೆಗೆ ಸೇರುತ್ತದೆ.

ಲಾಗ್ ಕೈಯಲ್ಲಿದ್ದರೆ ವಿಡಿಯೊವನ್ನು 5 ಸೆಕೆಂಡಿನ ತುಂಡುಗಳಾಗಿ ಮಾಡಿ. ಪ್ರತಿ ತುಂಡಿಗೂ ಎರಡು ಅಂಕಿ ಬರೆಯಿರಿ: ಅಲ್ಲಿಗೆ ತಲುಪಿದವರು ಎಷ್ಟು ಮಂದಿ, ಅವರಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದವರು ಎಷ್ಟು ಮಂದಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಲೇಬೇಕು. ಕನ್ನಡದಲ್ಲಿ ಸ್ಪ್ರೆಡ್‌ಶೀಟ್ ಕಲಿಸುವ ಒಂದು ವಿಡಿಯೊ ಇದೆ ಎಂದುಕೊಳ್ಳಿ. 40ನೇ ಸೆಕೆಂಡಿಗೆ 380 ಮಂದಿ ಇದ್ದಾರೆ, 57 ಮಂದಿ ಮತ್ತೆ ನೋಡಿದ್ದಾರೆ. 4 ನಿಮಿಷ 10 ಸೆಕೆಂಡಿಗೆ 160 ಮಂದಿ ಇದ್ದಾರೆ, 56 ಮಂದಿ ಮತ್ತೆ ನೋಡಿದ್ದಾರೆ. ಬರೀ ಎಣಿಕೆಯಲ್ಲಿ ಎರಡೂ ಒಂದೇ. ಭಾಗಿಸಿದರೆ ಮೊದಲನೆಯದು ಶೇ 15, ಎರಡನೆಯದು ಶೇ 35. ತೊಡಕಿರುವುದು ಎರಡನೆಯ ಕಡೆ. ತಲುಪಿದವರು 30 ಮಂದಿಗಿಂತ ಕಡಿಮೆ ಇರುವ ತುಂಡುಗಳ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ. ಮೂರು ಜನ ಫೋನ್ ಕರೆ ಬಂದು ಹಿಂದಕ್ಕೆ ಎಳೆದರೂ ಅಲ್ಲಿ ಮತ್ತೆ ನೋಡಿದವರ ಗ್ರಾಫ್‌ನಲ್ಲಿ ದೊಡ್ಡ ಏರು ಕಾಣುತ್ತದೆ.

ಇನ್ನು ಏರುಗಳಿಗೆ ಬರೋಣ. ಇಡೀ ಕೆಲಸದ ತಿರುಳು ಇಲ್ಲಿದೆ. ಮತ್ತೆ ನೋಡಿದ್ದಾರೆ ಎಂದ ಮಾತ್ರಕ್ಕೆ ಅರ್ಥವಾಗಿಲ್ಲ ಎಂದಲ್ಲ, ಬಹಳ ಇಷ್ಟವಾಯಿತು ಎಂದೂ ಅಲ್ಲ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ ನಾಲ್ಕು ಕೋರ್ಸ್‌ಗಳ 862 ವಿಡಿಯೊಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನ ಈ ಏರುಗಳಿಗೆ ಐದು ಕಾರಣ ಗುರುತಿಸಿತು: ಹೊಸ ವಿಷಯ ಶುರುವಾಗುವ ಜಾಗ, ಕಣ್ತಪ್ಪಿ ಹೋದದ್ದಕ್ಕೆ ಮರಳುವುದು, ಮಾಡಿ ತೋರಿಸುವ ಹಂತವನ್ನು ಜೊತೆಗೇ ಮಾಡುವುದು, ಒಂದು ಚಿಕ್ಕ ಭಾಗವನ್ನು ಮರಳಿ ಮರಳಿ ನೋಡುವುದು, ಪರದೆಯ ಮೇಲೆ ಏನೂ ಇಲ್ಲದೆ ಬಾಯಲ್ಲಷ್ಟೇ ಹೇಳಿದ ವಿವರಣೆಯನ್ನು ಮತ್ತೆ ಕೇಳುವುದು. ಸುಮಾರು ಶೇ 61ರಷ್ಟು ಏರುಗಳ ಆಸುಪಾಸಿನಲ್ಲಿ ಪರದೆಯ ದೃಶ್ಯ ಬದಲಾಗಿತ್ತು. ಅಂದರೆ ಸ್ಲೈಡ್ ಬದಲಾಗುವ ಕಡೆ ಏರು ಇರುವ ಸಂಭವ ಹೆಚ್ಚು.

ಹಾಗಾಗಿ ಅತಿ ಎತ್ತರದ ಮೂರು ಏರುಗಳನ್ನು ಆರಿಸಿ, ಪ್ರತಿಯೊಂದಕ್ಕೂ 20 ಸೆಕೆಂಡ್ ಮುಂಚಿನಿಂದ ವಿಡಿಯೊ ಹಾಕಿ ನೋಡಿ. ಲ್ಯಾಪ್‌ಟಾಪಿನಲ್ಲಲ್ಲ, ಫೋನಿನಲ್ಲಿ ನೋಡಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತಾ ಕೋರ್ಸ್ ಮಾಡುವವರು ಬಸ್ಸಿನಲ್ಲೋ ಮೆಟ್ರೊದಲ್ಲೋ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ನೋಡುವುದು ಅದರಲ್ಲೇ. ಫಾರ್ಮುಲಾ ಪರದೆಯ ಮೇಲೆ 6 ಸೆಕೆಂಡ್ ಮಾತ್ರ ನಿಂತಿದೆಯೇ? ಮೆನುವಿನ ಹೆಸರು ಓದಲಾಗದಷ್ಟು ಸಣ್ಣದಾಗಿದೆಯೇ? ಮೇಷ್ಟ್ರು ಕರ್ಸರ್ ಓಡಿಸಿದ ವೇಗಕ್ಕೆ ಕಣ್ಣು ಹೊಂದುತ್ತದೆಯೇ? ಇವಕ್ಕೆ ಪಾಠವನ್ನೇ ಮರುಚಿತ್ರೀಕರಿಸುವ ಅಗತ್ಯವಿಲ್ಲ. ಫ್ರೇಮನ್ನು 8–10 ಸೆಕೆಂಡ್ ನಿಲ್ಲಿಸಿ, ಆ ಭಾಗವನ್ನು ಹಿಗ್ಗಿಸಿ ತೋರಿಸಿ, ಫಾರ್ಮುಲಾವನ್ನು ವಿಡಿಯೊ ಕೆಳಗೆ ಪಠ್ಯವಾಗಿ ಕೊಡಿ. ಮಾಡಿ ತೋರಿಸುವ ಹಂತದ ಏರು ಆಗಿದ್ದರೆ ಅದು ಆರೋಗ್ಯಕರ, ಮುಟ್ಟಬೇಡಿ. ನೇರವಾಗಿ ಅಲ್ಲಿಗೆ ಹೋಗುವಂತೆ ಒಂದು ಅಧ್ಯಾಯ ಗುರುತು ಹಾಕಿದರೆ ಸಾಕು.

ಬಿಟ್ಟುಹೋಗುವವರ ವಿಷಯದಲ್ಲಿ ಅನವಶ್ಯಕ ಸಂಕಟ ಪಡುವವರೇ ಹೆಚ್ಚು. ಅದೇ ಅಧ್ಯಯನದಲ್ಲಿ ಸುಮಾರು ಶೇ 55ರಷ್ಟು ವೀಕ್ಷಣೆಗಳು ಕೊನೆ ಮುಟ್ಟಿರಲಿಲ್ಲ, ಹಾಗೆ ಬಿಟ್ಟವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಡಿಯೊದ ಮೊದಲ ಶೇ 3ರೊಳಗೇ ಬಿಟ್ಟವು. ಎರಡನೇ ಸಲ ನೋಡುವವರು ಬೇಕಾದ ತುಣುಕನ್ನಷ್ಟೇ ನೋಡಿ ಹೊರಡುತ್ತಾರೆ, ಅದು ಸೋಲಲ್ಲ. ಆದ್ದರಿಂದ ಮೊದಲ ವೀಕ್ಷಣೆ, ಮರುವೀಕ್ಷಣೆ ಎರಡನ್ನೂ ಬೇರೆ ಬೇರೆ ಗ್ರಾಫ್ ಮಾಡದೆ ಇಳಿತವನ್ನು ಓದಬಾರದು.

‘ವಿಡಿಯೊ 6 ನಿಮಿಷ ಮೀರಬಾರದು’ ಎಂಬ ಮಾತಿನ ಮೂಲವೂ ಎಡ್‌ಎಕ್ಸ್ ಡೇಟಾವೇ. ಅದನ್ನು ಕಾನೂನಿನಂತೆ ಪಾಲಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ಕಟ್ಟಿದ ಎನ್‌ಪಿಟೆಲ್‌ನ ಹಳೆಯ ಉಪನ್ಯಾಸಗಳಲ್ಲಿ ಒಂದೊಂದು ಗಂಟೆಯವು ಬೇಕಾದಷ್ಟಿವೆ, ಎಂಜಿನಿಯರಿಂಗ್ ಓದುವ ಮಕ್ಕಳು ಅವನ್ನು ಬಳಸುತ್ತಲೇ ಇದ್ದಾರೆ. ಒಂದು ಸೂತ್ರವನ್ನು ಹಂತ ಹಂತವಾಗಿ ಸಾಧಿಸಿ ತೋರಿಸುವ 18 ನಿಮಿಷದ ಪಾಠವನ್ನು ಮೂರು ತುಂಡು ಮಾಡಿದರೆ ಎರಡನೇ ತುಂಡು ತೆರೆದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ವಿಷಯ ಎಲ್ಲಿ ಮುಗಿಯುತ್ತದೋ ಅಲ್ಲಿ ಕತ್ತರಿಸಬೇಕು, ಗಡಿಯಾರ ನೋಡಿಕೊಂಡಲ್ಲ.

ಡೇಟಾವೂ ಹಲವು ಕಡೆ ದಾರಿ ತಪ್ಪಿಸುತ್ತದೆ. ಪ್ಲೇ ಆಗಿ ಪಾಜ್ ಬಾರದೆ ನಿಂತುಹೋದ ದಾಖಲೆಗಳು ಬಹಳ ಸಿಗುತ್ತವೆ: ಬ್ಯಾಟರಿ ಮುಗಿದಿರುತ್ತದೆ, ಬ್ರೌಸರ್ ಮುಚ್ಚಿರುತ್ತಾರೆ, ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗಿನ ಸುರಂಗದಲ್ಲಿ ನೆಟ್‌ವರ್ಕ್ ಕೈಕೊಟ್ಟಿರಬಹುದು. ಇವನ್ನು ಕೊನೆವರೆಗೆ ನೋಡಿದಂತೆ ಎಣಿಸಿದರೆ ಗ್ರಾಫ್ ಸುಳ್ಳಾಗುತ್ತದೆ. ಪ್ಲೇಯರ್ ಪ್ರತಿ 10 ಸೆಕೆಂಡಿಗೊಮ್ಮೆ ‘ಇಲ್ಲಿದ್ದೇನೆ’ ಎಂದು ವರದಿ ಕಳುಹಿಸುವಂತೆ ಮಾಡಿಸಿ, ಕೊನೆಯ ವರದಿ ಬಂದಲ್ಲಿಗೆ ಲೆಕ್ಕ ನಿಲ್ಲಿಸಿ. ಗಡಿಯಾರದ ಸಮಯ ಬಿಟ್ಟು ವಿಡಿಯೊದೊಳಗಿನ ಸ್ಥಾನವನ್ನೇ ಬಳಸಿ. 1.5 ವೇಗದಲ್ಲಿ ನೋಡುವವರಿಗೆ 10 ಸೆಕೆಂಡಿನಲ್ಲಿ 15 ಸೆಕೆಂಡಿನ ಪಾಠ ಕಳೆದಿರುತ್ತದೆ. ಕಾಲೇಜಿನಲ್ಲಿ ಪ್ರೊಜೆಕ್ಟರ್ ಹಾಕಿ 60 ಮಂದಿಗೆ ತೋರಿಸಿದರೆ ಲಾಗ್‌ನಲ್ಲಿ ಅದು ಒಬ್ಬರೇ. ಡೌನ್‌ಲೋಡ್ ಮಾಡಿಕೊಂಡು ನೋಡಿದ್ದು ಹಲವು ಆ್ಯಪ್‌ಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು, ನೋಡಿದ ನಿಮಿಷಕ್ಕೆ ಅಂಕ ಕೊಡುವುದು. ಕೊಟ್ಟ ದಿನದಿಂದಲೇ ವಿಡಿಯೊಗಳು ಮ್ಯೂಟ್ ಆಗಿ ತಮ್ಮಷ್ಟಕ್ಕೆ ಓಡತೊಡಗುತ್ತವೆ, ಡೇಟಾ ಕೆಟ್ಟುಹೋಗುತ್ತದೆ. ಅದರ ಬದಲು ಏರು ಕಂಡ ಜಾಗದ ನಂತರ ಒಂದೇ ಒಂದು ಪ್ರಶ್ನೆ ಇಡಿ. ಕೋರ್ಸ್ ನಡೆಸಲು ಮೂಡಲ್ ತಂತ್ರಾಂಶ ಬಳಸುತ್ತಿದ್ದರೆ ಎಚ್5ಪಿ ಎಂಬ ಸಾಧನದ ಮೂಲಕ ವಿಡಿಯೊದೊಳಗೇ ಇಡಬಹುದು. ಮತ್ತೆ ನೋಡಿ ಸರಿಯುತ್ತರ ಕೊಟ್ಟವರೇ ಹೆಚ್ಚಿದ್ದರೆ ವಿಷಯ ಕಷ್ಟ, ಪಾಠ ಚೆನ್ನಾಗಿದೆ. ಮತ್ತೆ ನೋಡಿಯೂ ತಪ್ಪಿದವರೇ ಹೆಚ್ಚಿದ್ದರೆ ವಿವರಣೆಯನ್ನೇ ಹೊಸದಾಗಿ ಬರೆಯಬೇಕು. ಒಮ್ಮೆಯೂ ನಿಲ್ಲಿಸದೆ ಹೋಗಿ ತಪ್ಪಿದವರು ಹೆಚ್ಚಿದ್ದರೆ ಇನ್ನೂ ಎಚ್ಚರ ಬೇಕು: ಅವರಿಗೆ ಅರ್ಥವಾಯಿತು ಎಂಬ ಭ್ರಮೆ ಹುಟ್ಟಿಸಿದ್ದು ಆ ಪಾಠವೇ ಇರಬಹುದು.

ವಿಶ್ಲೇಷಣೆಗೆ ಹೆಸರು, ಫೋನ್ ನಂಬರ್ ಬೇಕಿಲ್ಲ, ಸಂಕೇತ ಸಂಖ್ಯೆ ಸಾಕು. 18 ವರ್ಷದೊಳಗಿನವರ ಡೇಟಾಕ್ಕೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪೋಷಕರ ಒಪ್ಪಿಗೆ ಕೇಳುತ್ತದೆ, ಮಕ್ಕಳ ವರ್ತನೆಯ ಜಾಡು ಹಿಡಿಯುವುದಕ್ಕೂ ನಿರ್ಬಂಧ ಹಾಕುತ್ತದೆ. ಪಿಯುಸಿ ಮಕ್ಕಳಿಗೆ ಕೋರ್ಸ್ ಮಾಡುವವರು ಲಾಗ್ ತೆರೆಯುವ ಮೊದಲೇ ಇದನ್ನು ವಕೀಲರ ಬಳಿ ವಿಚಾರಿಸಿಕೊಳ್ಳಲಿ.

ತಿದ್ದಿದ ಮೇಲೆ ಹೊಸ ವಿಡಿಯೊಗೆ ಹೊಸ ಆವೃತ್ತಿ ಸಂಖ್ಯೆ ಕೊಡಿ. ಮಧ್ಯದಲ್ಲಿ 8 ಸೆಕೆಂಡ್ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸಮಯವೂ ಸರಿಯುತ್ತದೆ, ಹಳೆಯ ಲಾಗ್ ಜೊತೆ ಬೆರೆಸಿದರೆ ಇಲ್ಲದ ಏರುಗಳು ಹುಟ್ಟುತ್ತವೆ. ಯೂಟ್ಯೂಬ್‌ನಲ್ಲಿ ಅದೇ ಲಿಂಕಿಗೆ ಬೇರೆ ಫೈಲ್ ಹಾಕಲು ಬರುವುದಿಲ್ಲವಾದ್ದರಿಂದ ಹಳೆಯ ಗ್ರಾಫನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೋಲಿಕೆಗೆ ಅದೇ ಕೋರ್ಸಿನ ಒಂದೆರಡು ವಿಡಿಯೊಗಳನ್ನು ಮುಟ್ಟದೆ ಬಿಡಿ. ಹೊಸ ಬ್ಯಾಚಿನಲ್ಲಿ ಅವುಗಳ ಏರೂ ತಗ್ಗಿದ್ದರೆ, ತಗ್ಗಿಸಿದ್ದು ನಿಮ್ಮ ತಿದ್ದುಪಡಿಯಲ್ಲ, ಬ್ಯಾಚೇ ಬೇರೆ. ಹೋಲಿಸುವ ಮೊದಲು ಪರೀಕ್ಷೆ ಮುಗಿಯುವವರೆಗೆ ಕಾಯಿರಿ, ಏಕೆಂದರೆ ಪರೀಕ್ಷೆಯ ಹಿಂದಿನ ರಾತ್ರಿಯ ವೀಕ್ಷಣೆಯ ಆಕಾರವೇ ಬೇರೆ, ಅದನ್ನು ಪ್ರತ್ಯೇಕ ಗ್ರಾಫ್ ಮಾಡಿದರೇ ಒಳ್ಳೆಯದು.