ಕಿವಿ ಚೆನ್ನಾಗಿದ್ದರೂ ಕಿವಿ ನೋಯುವುದೇಕೆ?

ಕಿವಿನೋವೆಂದು ನಮ್ಮ ಇಎನ್‌ಟಿ ಹೊರರೋಗಿ ವಿಭಾಗಕ್ಕೆ ಬರುವ ವಯಸ್ಕರಲ್ಲಿ ಅನೇಕರ ಕಿವಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ಹತ್ತಿ ಇಟ್ಟುಕೊಂಡು ಬಂದಿರುತ್ತಾರೆ. ಹತ್ತಿ ತೆಗೆದು, ಎಣ್ಣೆ ಒರೆಸಿ ನೋಡಿದರೆ ಕಿವಿತಮಟೆ ಬೂದುಬಿಳುಪಾಗಿ ಹೊಳೆಯುತ್ತಿರುತ್ತದೆ, ಕೀವೂ ಇಲ್ಲ, ಊತವೂ ಇಲ್ಲ. ಇಂಥವರಿಗೆ ಕಿವಿಯ ಹನಿ ಬರೆಯುವ ಮುನ್ನ ಬಾಯಿ ತೆರೆಸಿ ನೋಡಬೇಕೆಂದು ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಕಾರಣ ನರಗಳ ಹಂಚಿಕೆಯಲ್ಲಿದೆ. ಇಷ್ಟು ಚಿಕ್ಕ ಅಂಗದ ನೋವನ್ನು 5, 7, 9 ಮತ್ತು 10ನೆಯ ಕಪಾಲನರಗಳಲ್ಲದೆ (ಮಿದುಳಿನಿಂದಲೇ ನೇರವಾಗಿ ಹೊರಡುವ ನರಗಳು) ಕತ್ತಿನ 2 ಮತ್ತು 3ನೆಯ ನರಗಳೂ ಒಯ್ಯುತ್ತವೆ. ಇವುಗಳ ನೋವಿನ ಎಳೆಗಳು ಒಳಗೆ ಒಂದೆಡೆ ಸೇರುವುದರಿಂದ, ಸಂದೇಶ ಎಲ್ಲಿಂದ ಹೊರಟಿತೆಂಬುದನ್ನು ಮಿದುಳು ಖಚಿತವಾಗಿ ಗುರುತಿಸಲಾರದು. ಕಿವಿನಾಳದ ಮುಂಗೋಡೆಗೆ ಬರುವ 5ನೆಯ ನರವೇ ಕೆಳಹಲ್ಲುಗಳಿಗೂ ದವಡೆಯ ಕೀಲಿಗೂ ಹೋಗುತ್ತದೆ; ಆದ್ದರಿಂದ ಹುಳುಕಾದ ದವಡೆಹಲ್ಲು, ಅರ್ಧ ಮೂಡಿದ ಬುದ್ಧಿಹಲ್ಲು, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇವೆಲ್ಲ ಕಿವಿನೋವಾಗಿ ಕಾಣಿಸಿಕೊಳ್ಳುತ್ತವೆ. ಮಧ್ಯಕಿವಿ, ಟಾನ್ಸಿಲ್, ನಾಲಿಗೆಯ ಬುಡ ಮೂರೂ 9ನೆಯ ನರದ ವ್ಯಾಪ್ತಿಗೆ ಸೇರಿವೆ. ಟಾನ್ಸಿಲ್ ತೆಗೆದ ಮಗು ಕಿವಿ ಹಿಡಿದುಕೊಂಡು ಅಳಬಹುದೆಂದು ತಂದೆತಾಯಿಗೆ ಮೊದಲೇ ತಿಳಿಸಿದರೆ ಅವರ ಗಾಬರಿ ತಪ್ಪುತ್ತದೆ. ಗುಗ್ಗೆ ತೆಗೆಯುವಾಗ ಕೆಲವರಿಗೆ ಥಟ್ಟನೆ ಕೆಮ್ಮು ಬರುವುದು 10ನೆಯ ನರದಿಂದ. ಅದೇ ನರ ಧ್ವನಿಪೆಟ್ಟಿಗೆಗೂ ಗಂಟಲಿನ ಕೆಳಭಾಗಕ್ಕೂ ಇಳಿಯುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಈ ಕೊನೆಯ ಎರಡು ನರಗಳು. ಹೊಗೆಸೊಪ್ಪು, ಗುಟ್ಕಾ, ಬೀಡಿಯ ಅಭ್ಯಾಸವಿರುವ ನಡುವಯಸ್ಸಿನವರಿಗೆ ಒಂದೇ ಕಡೆಯ ಕಿವಿನೋವು ವಾರಗಟ್ಟಲೆ ಬಿಡದೆ ಕಾಡುತ್ತಿದ್ದು, ಕಿವಿಯಲ್ಲಿ ಏನೂ ಕಾಣದಿದ್ದರೆ, ಗಂಟಲಿನಲ್ಲಿ ಅಡಗಿರಬಹುದಾದ ಕ್ಯಾನ್ಸರನ್ನು ಹುಡುಕಲೇಬೇಕು. ನುಂಗುವಾಗ ಚುಚ್ಚಿದಂತಾಗುತ್ತದೆಯೇ, ದನಿ ಒಡೆದಿದೆಯೇ ಎಂದು ಕೇಳಿ, ಕತ್ತಿನಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಬೇಕು. ನಾಲಿಗೆಯ ಬುಡದ ಗಡ್ಡೆ ಟಾರ್ಚಿನ ಬೆಳಕಿಗೆ ಸಿಗದಿದ್ದರೂ ಗ್ಲೌಸ್ ಹಾಕಿದ ಬೆರಳಿಗೆ ಗಟ್ಟಿಯಾಗಿ ತಗಲುವುದುಂಟು. ಬೆರಳಿಗೂ ಏನೂ ಸಿಗಲಿಲ್ಲವೆಂದು ಅಷ್ಟಕ್ಕೇ ನಿಲ್ಲಿಸದೆ, ಎಂಡೋಸ್ಕೋಪ್ ಹಾಕಿ ಧ್ವನಿಪೆಟ್ಟಿಗೆಯವರೆಗೂ ನೋಡಿದ ಮೇಲೆಯೇ ರೋಗಿಗೆ ಹೋಗಿಬನ್ನಿ ಎನ್ನಬೇಕು.