ನಲ್ಲಿ ಇದೆ, ನೀರಿಲ್ಲ

ಇವತ್ತು ಮಧ್ಯಾಹ್ನ ಚಿಕ್ಕಮಗಳೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬಾಯಿ ಒಣಗಿತ್ತು. ಗೋಡೆ ಮೇಲೆ 'ಕುಡಿಯುವ ನೀರು' ಅಂತ ದಪ್ಪ ಅಕ್ಷರ, ಕೆಳಗೆ ಮೂರು ನಲ್ಲಿ. ಮೂರನ್ನೂ ತಿರುಗಿಸಿದೆ. ಒಂದರಿಂದ ಬುಸ್ ಅಂತ ಗಾಳಿ ಬಂತು, ಅಷ್ಟೇ. ಕೊನೆಗೆ 20 ರೂಪಾಯಿ ಕೊಟ್ಟು ಬಾಟಲಿ ತಗೊಂಡೆ.

ಯಗಚಿ ನದಿ ಹುಟ್ಟುವುದೇ ನಮ್ಮ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಊರಿಗೆ ಅದೇ ನೀರು, ಜೊತೆಗೆ ಹಿರೇಕೊಳಲೆ ಕೆರೆಯದ್ದು. ಇಷ್ಟಿದ್ದೂ ದಾರಿಹೋಕನಿಗೆ ಒಂದು ಲೋಟ ಇಲ್ಲ ಅಂದ್ರೆ ಹೇಗೆ? ಶುದ್ಧ ನೀರಿನ ಘಟಕಗಳೇನೋ ಬಂದಿವೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಮನೆಗೆ ಒಳ್ಳೆಯದೇ. ಆದರೆ ಬರಿಗೈಲಿ ನಿಂತವನು ಕ್ಯಾನ್ ಎಲ್ಲಿಂದ ತರಬೇಕು? ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ನಲ್ಲಿಗೆ ಅದು ಗೊತ್ತಿಲ್ಲ, ಪಾಪ.

ಅಜ್ಜಿ ಬೇಸಿಗೆಯಲ್ಲಿ ಜಗುಲಿ ಮೇಲೆ ಮಣ್ಣಿನ ಗಡಿಗೆ ಇಡುತ್ತಿದ್ದರು. ರಾಮನವಮಿ ಅರವಟ್ಟಿಗೆಯಲ್ಲಂತೂ ಪಾನಕ, ಮಜ್ಜಿಗೆ. ಯಾರು, ಯಾವ ಊರು ಅಂತ ಕೇಳುತ್ತಲೇ ಇರಲಿಲ್ಲ.

ಬಸ್ ಹತ್ತುವಾಗ ತಿರುಗಿ ನೋಡಿದೆ. ಸ್ಕೂಲ್ ಬ್ಯಾಗಿನ ಹುಡುಗನೊಬ್ಬ ಅದೇ ನಲ್ಲಿ ತಿರುಗಿಸುತ್ತಿದ್ದ. ಕಿಟಕಿಯಿಂದ ನನ್ನ ಅರ್ಧ ಬಾಟಲಿ ಕೊಟ್ಟೆ.