ಎರಡು ಬಾಟಲಿ ಕೆಸರು ಹಿಡಿದು ಕಪ್ಪತಗುಡ್ಡಕ್ಕೆ

ಧಾರವಾಡದಲ್ಲಿ ಬೆಳೆದವರಿಗೆ ಈ ಮಾತು ಚಿಕ್ಕಂದಿನಿಂದ ಗೊತ್ತು. ಉಳವಿ ಬಸವಣ್ಣನ ಗುಡಿಯ ಪಡುವಣಕ್ಕೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಮೂಡಣಕ್ಕೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ. ಊರಿಗೆ ಬಂದ ಎಷ್ಟೋ ನೆಂಟರ ಮುಂದೆ ನಾನೇ ಇದನ್ನು ಹೇಳಿ ಜಂಬ ಕೊಚ್ಚಿದ್ದೇನೆ. ಆದರೆ ನೀರಿನ ಜೊತೆ ನಮ್ಮ ಮಣ್ಣೂ ಹೋಗುತ್ತದಲ್ಲ, ಅದು ಅಲ್ಲಿ ಹೋಗಿ ಏನು ಮಾಡುತ್ತದೆ? ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹೊಳೆಯುವಂತೆ ಮಾಡಿದವನು ನನ್ನ ಕಾರವಾರ ಕಡೆಯ ಗೆಳೆಯ. ಸಮುದ್ರದ ತಳದ ಕೆಸರು ನೋಡುವುದೇ ಅವನ ಕೆಲಸ. ಹಡಗಿನಿಂದ ಉದ್ದ ಕೊಳವೆ ಇಳಿಸಿ ತಳಕ್ಕೆ ಚುಚ್ಚುತ್ತಾರೆ, ಮೇಲೆ ಎಳೆದರೆ ಕಬ್ಬಿನ ಗಣಿಕೆಯಂತೆ ಕೆಸರಿನ ಕಂಬ ಬರುತ್ತದೆ, ಕೆಳಗಿನದು ಹಳೆಯದು, ಮೇಲಿನದು ಹೊಸದು. ಕಳೆದ ಆಗಸ್ಟಿನಲ್ಲಿ ಒಂದು ಮದುವೆಗೆ ಬಂದವನು ಮಾರನೆಯ ದಿನ ಬೆಳಗ್ಗೆ ಪೇಡೆ ಅಂಗಡಿಗೆ ಹೋಗೋಣ ಅನ್ನದೆ, ನಿಮ್ಮ ಮಣ್ಣು ತೋರಿಸು ಅಂದ.

ಬೈಕ್ ತೆಗೆದೆವು. ಜಿಟಿಜಿಟಿ ಮಳೆ. ಮೊದಲು ಊರ ಹೊರಗಿನ ಸೋಮೇಶ್ವರ ಗುಡಿ, ಶಾಲ್ಮಲೆ ಹುಟ್ಟುವ ಜಾಗ. ಹೊಳೆ ಅಂದುಕೊಂಡು ಹೋದವರಿಗೆ ಅಲ್ಲಿ ಕಾಣುವುದು ಸಣ್ಣ ಹರಿವು ಅಷ್ಟೇ. ಇದೇ ನೀರು ಕಲಘಟಗಿ ಹತ್ತಿರ ಬೇಡ್ತಿ ಸೇರಿ, ಯಲ್ಲಾಪುರದ ಕಾಡಿಗೆ ಇಳಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರಿನಲ್ಲಿ ಸಮುದ್ರ ಮುಟ್ಟುತ್ತದೆ. ಬರೀ 160 ಕಿಲೋಮೀಟರ್ ಸುಮಾರಿನ ದಾರಿ. ಗೆಳೆಯ ಕಾಲುದಾರಿಯ ಕೆಂಪು ಮಣ್ಣನ್ನು ಮರಳು, ಹರಳು ಸಮೇತ ಒಂದು ಬಾಟಲಿಗೆ ತುಂಬಿ ನೀರು ಹಾಕಿದ. ಪಕ್ಕದಲ್ಲಿ ನಿಂತಿದ್ದ ಅಜ್ಜ ಅದು ತೀರ್ಥ ಇರಬೇಕು ಅಂದುಕೊಂಡು ಕೈ ಮುಗಿದರು, ನಾವು ಏನೂ ಹೇಳಲಿಲ್ಲ.

ಅಲ್ಲೇ ಕಟ್ಟೆ ಮೇಲೆ ಕೂತು ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕಾರವಾರ, ಅಂಕೋಲೆ ಎದುರಿನ ಸಮುದ್ರ ಒಮ್ಮೆಲೇ ಆಳವಾಗುವುದಿಲ್ಲ. ಹತ್ತಾರು ಕಿಲೋಮೀಟರ್ ದೂರದ ತನಕ ತಳ ನಿಧಾನವಾಗಿ ಇಳಿಯುತ್ತದೆ. ಸುಮಾರು 50–60 ಮೀಟರ್ ಆಳದವರೆಗೆ ತಳದಲ್ಲಿ ಬರೀ ಜೇಡಿ ಕೆಸರು, ಮಳೆಗಾಲದ ಹೊಳೆಗಳು ತಂದದ್ದು. ಸರಿ, ಇನ್ನೂ ದೂರ ಹೋದಂತೆ ಕೆಸರು ಇನ್ನೂ ನುಣ್ಣಗಾಗಬೇಕು ಅಲ್ವಾ? ಆಗುವುದಿಲ್ಲ. ಅಲ್ಲಿಂದಾಚೆ ಮರಳು ಸಿಗುತ್ತದೆ! ಅದೂ ಹೊಳೆಯ ಮರಳಲ್ಲ, ಸುಣ್ಣದ ಮರಳು. ಚಿಪ್ಪಿನ ಚೂರು, ಹ್ಯಾಲಿಮೆಡಾ ಅನ್ನುವ ಸುಣ್ಣ ಕಟ್ಟುವ ಪಾಚಿಯ ತುಣುಕು, ಜೊತೆಗೆ ಮೀನಿನ ಮೊಟ್ಟೆಯಂಥ ದುಂಡನೆ ಸುಣ್ಣದ ಕಾಳು. ಈ ಕಾಳಿಗೆ ಊಯ್ಡ್ ಅನ್ನುತ್ತಾರೆ. ಬೆಚ್ಚಗಿನ, ತಿಳಿಯಾದ, ಕೆಲವೇ ಮೀಟರ್ ಆಳದ ನೀರಿನಲ್ಲಿ ಅಲೆ ಹೊರಳಿಸುತ್ತಾ ಇದ್ದರೆ ಮಾತ್ರ ಅದು ಉಂಡೆ ಕಟ್ಟುತ್ತದೆ. ಅಂಥದ್ದು ಎಂಬತ್ತು, ನೂರು ಮೀಟರ್ ಆಳದಲ್ಲಿ ಬಿದ್ದಿದೆ.

ಅಂದರೆ ಒಂದು ಕಾಲದಲ್ಲಿ ದಂಡೆ ಅಲ್ಲಿತ್ತು. ಸುಮಾರು 20,000 ವರ್ಷದ ಹಿಂದೆ ಉತ್ತರದ ನಾಡುಗಳ ಮೇಲೆ ಹಿಮ ಪೇರಿಸಿಕೊಂಡು ಕೂತಿತ್ತು, ಆ ನೀರೆಲ್ಲ ಸಮುದ್ರದಿಂದಲೇ ಬಂದದ್ದು, ಹಾಗಾಗಿ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ನಮ್ಮ ಮುಂಗಾರೂ ಸೊರಗಿತ್ತು. ಮಳೆ ಕಡಿಮೆ ಅಂದರೆ ಕೆಸರು ಕಡಿಮೆ, ಕೆಸರು ಕಡಿಮೆ ಅಂದರೆ ನೀರು ತಿಳಿ. ಆಮೇಲೆ ಹಿಮ ಕರಗಿ ಸಮುದ್ರ ಏರತೊಡಗಿದಾಗ, ಮಳೆ ಪೂರ್ತಿ ಜೋರಾಗುವ ಮೊದಲು, ಸುಣ್ಣ ಕಟ್ಟುವ ಜೀವಿಗಳಿಗೆ ಅಲ್ಲಿ ಹಬ್ಬ. ಮುಂದೆ ಮುಂಗಾರು ಬಲಿಯಿತು, ಹೊಳೆಗಳು ರಾಡಿ ತಂದವು, ನೀರೂ ಆಳವಾಯಿತು. ಸುಣ್ಣದ ಅಂಗಡಿ ಬಂದ್. ಅದರ ಮೇಲೆ ಕೆಸರು ಮುಚ್ಚಬೇಕಿತ್ತು, ಆದರೆ ಈಗಿನ ಹೊಳೆಗಳ ಕೆಸರು ದಂಡೆಯ ಹತ್ತಿರವೇ ಕೂತುಬಿಡುತ್ತದೆ, ಅಷ್ಟು ದೂರ ಹೋಗುವುದೇ ಇಲ್ಲ. ಹಾಗಾಗಿ ಸಾವಿರಾರು ವರ್ಷದ ಹಿಂದಿನ ದಂಡೆಯ ಮರಳು ಇವತ್ತಿಗೂ ಬಯಲಿಗೇ ಬಿದ್ದುಕೊಂಡಿದೆ.

ನನಗೆ ಹಿಡಿಸಿದ್ದು ಇದೇ. ಸಮುದ್ರ ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವುದು ಅರ್ಧ ಕಥೆ ಮಾತ್ರ. ಉಳಿದರ್ಧ ಘಟ್ಟದ ಮೇಲೆ ಬಿದ್ದ ಮಳೆಯದು, ಅಂದರೆ ನಮ್ಮ ಕಡೆಯದು.

ಹುಬ್ಬಳ್ಳಿ ದಾಟಲು ಹಿಡಿದ ಹೊತ್ತಿನ ಬಗ್ಗೆ ಏನೂ ಬರೆಯುವುದಿಲ್ಲ. ಗದಗ ರಸ್ತೆ ಹಿಡಿದ ಮೇಲೆ ಮಳೆ ನಿಂತಿತು, ಮಣ್ಣೂ ಬದಲಾಯಿತು. ಕೆಂಪು ಹೋಗಿ ಕಪ್ಪು ಎರೆ. ಬೆಣ್ಣಿಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಎರಡನೆಯ ಬಾಟಲಿ ತುಂಬಲು ಇಳಿದೆ. ನಾಲ್ಕು ಹೆಜ್ಜೆ ಇಟ್ಟಿದ್ದೆ, ಚಪ್ಪಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿಕೊಂಡಿತು, ಐದನೆಯದಕ್ಕೆ ಚಪ್ಪಲಿ ಅಲ್ಲೇ ಉಳಿದು ನಾನು ಮುಂದೆ ಬಿದ್ದೆ. ಎಮ್ಮೆ ಕಾಯುತ್ತಿದ್ದ ಹುಡುಗ ನಕ್ಕು, ‘ಎರಿ ಹೊಲದಾಗ ಬರಿಗಾಲಿಲೆ ಅಡ್ಡಾಡಬೇಕ್ರಿ’ ಅಂದ. ಸರಿಯಾಗೇ ಹೇಳಿದ.

ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಅನ್ನುವ ಜೇಡಿ ಜಾಸ್ತಿ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಘಟ್ಟದ ಕಡೆ ಮಳೆ ಜೋರು, ಅಲ್ಲಿ ಮಣ್ಣು ತೊಳೆದು ತೊಳೆದು ಕೊನೆಗೆ ಉಳಿಯುವುದು ಕಯೊಲಿನೈಟ್ ಅನ್ನುವ ಇನ್ನೊಂದು ಜೇಡಿ ಮತ್ತು ಕಬ್ಬಿಣದ ಕೆಂಪು. ಸಮುದ್ರದ ಕೆಸರಿನ ಕಂಬದಲ್ಲಿ ಯಾವ ಜೇಡಿ ಎಷ್ಟಿದೆ ಅಂತ ನೋಡಿದರೆ ಅದು ಯಾವ ಸೀಮೆಯಿಂದ, ಎಂಥ ಹವೆಯಿಂದ ಬಂತು ಅಂತ ಹೇಳಬಹುದು. ಮಾತಿನ ಧಾಟಿ ಕೇಳಿ ಇವನು ಧಾರವಾಡದವನೋ ಮಂಗಳೂರಿನವನೋ ಅಂತ ಹೇಳುವುದಿಲ್ಲವೇ, ಹಾಗೆ.

ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಆದರೆ ಕೃಷ್ಣೆಯ ದಾರಿಯಲ್ಲಿ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಹೀಗೆ ಒಂದರ ಹಿಂದೆ ಒಂದು ಅಣೆಕಟ್ಟು. ನಮ್ಮ ಎರೆಯ ಬಹುಪಾಲು ಅಲ್ಲೇ ಕೂರುತ್ತದೆ. ಜಂಬ ಕೊಚ್ಚುವಾಗ ಇನ್ನು ಮುಂದೆ ಇದನ್ನೂ ಸೇರಿಸಬೇಕು.

ಅಣ್ಣಿಗೇರಿಯ ಖಾನಾವಳಿಯಲ್ಲಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಾಟಲಿಗಳನ್ನು ಟೇಬಲ್ ಮೇಲೆ ಇಟ್ಟೆವು. ಕೆಂಪು ಬಾಟಲಿ ಸ್ವಲ್ಪ ತಿಳಿಯಾಗಿತ್ತು, ಎರೆಯದ್ದು ಇನ್ನೂ ಚಹಾದ ಹಾಗೆ. ಗೆಳೆಯ ಉಪ್ಪಿನ ಬಟ್ಟಲು ಎಳೆದು ಎರಡಕ್ಕೂ ಧಾರಾಳವಾಗಿ ಉಪ್ಪು ಸುರಿದು ಕುಲುಕಿದ. ಬಡಿಸುವವನು ನಮ್ಮನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಆದರೆ ಮೂರನೆಯ ರೊಟ್ಟಿ ಬರುವ ಹೊತ್ತಿಗೆ ಎರೆಯ ಬಾಟಲಿಯಲ್ಲಿ ಹಾಲು ಒಡೆದಂತೆ ಕಣ್ಣಿಗೆ ಕಾಣುವಷ್ಟು ಉಂಡೆಗಳಾಗಿ ಕೆಸರು ಕೆಳಗಿಳಿಯುತ್ತಿತ್ತು. ಸಿಹಿನೀರಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂಡಿಕೊಂಡು ತೇಲುತ್ತವೆ, ಉಪ್ಪು ಸಿಕ್ಕರೆ ಒಂದಕ್ಕೊಂದು ಅಂಟಿ ಮುಳುಗುತ್ತವೆ. ಹೊಳೆ ಸಮುದ್ರ ಸೇರುವ ಬಾಯಲ್ಲಿ ಆಗುವುದೂ ಇದೇ. ಕೆಸರು ದಂಡೆ ಬಿಟ್ಟು ದೂರ ಹೋಗುವುದಿಲ್ಲ ಅಂತ ಸೋಮೇಶ್ವರದಲ್ಲಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಸಮುದ್ರ ಇಳಿದಿದ್ದಾಗ ಈ ಬಾಯಿಯೇ ದೂರ ಸರಿದಿತ್ತು. ಪ್ರಪಂಚದ ಎಷ್ಟೋ ಕಡೆ ಹೊಳೆಗಳು ಆಗ ತಮ್ಮ ಹೊರೆಯನ್ನು ನೇರವಾಗಿ ಆಳದ ಅಂಚಿಗೇ ಇಳಿಸುತ್ತಿದ್ದವು, ಅಲ್ಲಿಂದ ಅದು ಜಾರಿ ಕೆಸರಿನ ಪ್ರವಾಹವಾಗಿ ತಳಕ್ಕೆ ನುಗ್ಗುತ್ತಿತ್ತು.

ಗದಗದ ಹತ್ತಿರ ರಸ್ತೆಗೆ ಕಡಿದ ಒಂದು ದಿಬ್ಬದ ಮುಂದೆ ಅವನು ಗಾಡಿ ನಿಲ್ಲಿಸಲು ಹೇಳಿದ. ಬೂದು ಬಣ್ಣದ ಕಲ್ಲು, ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಇದು ಗ್ರೇವ್ಯಾಕ್, ಮರಳು ಕೆಸರು ಕಲಸಿ ಗಟ್ಟಿಯಾದ ಕಲ್ಲು. ಗದಗದಿಂದ ರಾಣೆಬೆನ್ನೂರಿನವರೆಗೆ ಇದರ ಹೆಸರು ಕಲ್ಲು ಓದುವವರಿಗೆಲ್ಲ ಗೊತ್ತು. 1880ರ ದಶಕದಲ್ಲಿ ಭೂವಿಜ್ಞಾನಿ ಬ್ರೂಸ್ ಫೂಟ್ ಈ ಬಗೆಯ ಬಂಡೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟ. ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ. ಗೆಳೆಯ ಕೆಂಪು ಮಣ್ಣಿನ ಬಾಟಲಿಯನ್ನು ಒಂದು ಪದರದ ಪಕ್ಕ ಹಿಡಿದ. ಬಾಟಲಿಯಲ್ಲಿ ತಳಕ್ಕೆ ಹರಳು, ಮೇಲೆ ಮರಳು, ಅದರ ಮೇಲೆ ನುಣುಪು ಕೆಸರು. ಕಲ್ಲಿನಲ್ಲೂ ಅದೇ: ಒಂದು ಬದಿ ಒರಟು, ಇನ್ನೊಂದು ಬದಿಗೆ ಬರುತ್ತಾ ನುಣ್ಣಗೆ, ಮತ್ತೆ ಒರಟು. ಆಳದ ನೀರಿಗೆ ನುಗ್ಗಿದ ಒಂದೊಂದು ಕೆಸರಿನ ಪ್ರವಾಹಕ್ಕೆ ಒಂದೊಂದು ಪದರ. ‘ಹಾಗಾದ್ರೆ ಆಗಲೂ ಸಮುದ್ರ ಇಳಿದಿತ್ತು?’ ಅಂದೆ ಉಬ್ಬಿಕೊಂಡು. ಅವನು ತಲೆ ಅಲ್ಲಾಡಿಸಿದ. ಭೂಮಿ ನಡುಗಿದರೂ ಕೆಸರು ಜಾರುತ್ತದೆ, ಒಂದು ಪದರ ನೋಡಿ ತೀರ್ಪು ಕೊಡಬೇಡ ಅಂದ.

ನಮ್ಮಲ್ಲಿ ಸುಮ್ನೆ ಹೇಳುವುದುಂಟು, ‘ಇಲ್ಲೆಲ್ಲ ಮೊದಲು ಸಮುದ್ರ ಇತ್ತಂತೆ’ ಅಂತ. ಕೇಳಿದವರು ಅರಬ್ಬಿ ಸಮುದ್ರವೇ ಗದಗದ ತನಕ ಬಂದಿತ್ತು ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಅಲ್ಲ. ಅದು ಬೇರೆಯೇ ಸಮುದ್ರ. ಚಿಪ್ಪಿಲ್ಲ, ಹವಳವಿಲ್ಲ, ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀರು ಇಲ್ಲಿಯವರೆಗೆ ಏರಿ ಬರಲಿಲ್ಲ, ತಳವೇ ಮಡಚಿಕೊಂಡು ಮೇಲೆದ್ದಿತು.

ಕಪ್ಪತಗುಡ್ಡ ಹತ್ತುವಾಗ ಗಾಳಿ ಹೆಲ್ಮೆಟ್ ಕಿತ್ತುಕೊಳ್ಳುವ ಹಾಗೆ ಬೀಸುತ್ತಿತ್ತು, ಆ ಕಡೆ ಈ ಕಡೆ ಗಾಳಿಯಂತ್ರಗಳು. ಮೇಲಿನ ಕಲ್ಲು ಪಟ್ಟೆಪಟ್ಟೆ, ಇಳಕಲ್ ಸೀರೆಯ ಅಂಚಿನ ಹಾಗೆ. ಕಬ್ಬಿಣದ ಒಂದು ಗೆರೆ, ಸಿಲಿಕಾದ ಒಂದು ಗೆರೆ. ಆಮ್ಲಜನಕವಿಲ್ಲದ ಆ ನೀರಿನಲ್ಲಿ ಕಬ್ಬಿಣ ಕರಗಿಕೊಂಡೇ ಇತ್ತು, ಆಮೇಲೆ ತಳ ಸೇರಿತು. ಈಗಿನ ಸಮುದ್ರ ಮನಸ್ಸು ಮಾಡಿದರೂ ಇಂಥ ಕಲ್ಲು ಮಾಡಲಾರದು. ಒಂದು ಚೂರು ಜೇಬಿಗೆ ಹಾಕಿಕೊಳ್ಳುವ ಆಸೆಯಾಯಿತು. 2019ರಿಂದ ಇದು ವನ್ಯಜೀವಿಧಾಮ, ಮುಟ್ಟಿ ನೋಡಿ ಬಿಟ್ಟೆ.

ಇಳಿಯುವಾಗ ದಾರಿಯಲ್ಲಿ ಒಬ್ಬರು ಕೈ ಅಡ್ಡ ಹಿಡಿದು ಚೀಲದಲ್ಲಿ ಏನಿದೆ ಅಂತ ಕೇಳಿದರು. ಬಾಟಲಿ ತೆಗೆದು ತೋರಿಸಿದೆ. ‘ರಾಡಿ ನೀರ್ ಯಾಕ್ರಿ ಹೊತ್ಕೊಂಡ ತಿರಗತೀರಿ?’ ಗೆಳೆಯ ಪದರ ತೋರಿಸಲು ಬಾಟಲಿ ಎತ್ತಿ ಹಿಡಿದ. ಗುಡ್ಡದ ದಾರಿಯ ಕುಲುಕಾಟಕ್ಕೆ ಎಲ್ಲ ಕಲಸಿಹೋಗಿತ್ತು, ತೋರಿಸಲು ಏನೂ ಉಳಿದಿರಲಿಲ್ಲ.